ಚಪ್ಪೆ ಗಂಜಿ

ಬಾವಿಯ ಉಪ್ಪುನೀರು ಗಾಜಿನ ಕೊಳವೆಯಲ್ಲಿದ್ದ ಸಾಬಕ್ಕಿಯಂಥ ಮಣಿಗಳ ನಡುವೆ ಇಳಿದು, ಕೆಳಗಿನ ನಲ್ಲಿಯಿಂದ ಸಿಹಿನೀರಾಗಿ ಕೊಡಕ್ಕೆ ಬೀಳುತ್ತಿತ್ತು. ಪ್ರತಿ ಮಣಿಯ ಮೈತುಂಬ ರಸಾಯನ ವಿಜ್ಞಾನಿ ಚಿತ್ಕಲಾ ರೂಪಿಸಿದ ಗ್ರಾಹಕ ಅಣುಗಳಿದ್ದವು. ಬೋಗುಣಿಯ ಆಕಾರದ ಈ ಅಣುಗಳು ಉಪ್ಪಿನ ಸೋಡಿಯಂ, ಕ್ಲೋರೈಡ್ ಕಣಗಳೆರಡನ್ನೂ ಜೋಡಿಯಾಗಿಯೇ ತಬ್ಬಿಕೊಳ್ಳುತ್ತಿದ್ದವು. ಬಿಸಿ ತಾಗಿದರೆ ಕೈಬಿಡುತ್ತಿದ್ದವು.

ಅದು ೨೦೬೪. ಕಡಲು ಏರಿ, ಅಘನಾಶಿನಿಯ ಅಳಿವೆಯಲ್ಲಿದ್ದ ಬೆಳ್ಳಕ್ಕಿಕುರ್ವೆ ಎಂಬ ನಡುಗಡ್ಡೆಯ ಬಾವಿಗಳೆಲ್ಲ ಉಪ್ಪಾಗಿದ್ದವು. ಮನೆಮನೆಯಲ್ಲೂ ರಕ್ತದೊತ್ತಡದ ಮಾತ್ರೆ. ಇವತ್ತು ಹೊಸ ನೀರಿನ ಗಂಜಿ ಉಂಡು ಊರವರು ಒಪ್ಪಿದರೆ ಈ ಯಂತ್ರ ಇಲ್ಲೇ ಉಳಿಯುತ್ತದೆ. ಇಲ್ಲವಾದರೆ ಸಂಜೆಯ ದೋಣಿಯಲ್ಲಿ ಅದೂ, ಚಿತ್ಕಲಾಳ ಇಷ್ಟು ವರ್ಷಗಳ ಕನಸೂ ವಾಪಸು.

ಉಪ್ಪುನೆಲದಲ್ಲಿ ಬೆಳೆಯುವ ಕಗ್ಗದ ಅಕ್ಕಿಯ ಗಂಜಿಯನ್ನು ಊರಿನ ಸಣ್ಣಮ್ಮ ಬೇಯಿಸಿ, ತಮ್ಮ ಜಗಲಿಯಲ್ಲಿ ಕೂತವರಿಗೆ ಬಡಿಸಿದರು. ಮೊದಲ ಗುಟುಕಿಗೇ ಪಂಚಾಯಿತಿ ಅಧ್ಯಕ್ಷ ಲಂಬೋದರ ಅಂಬಿಗರ ಮುಖ ಹುಳ್ಳಗಾಯಿತು.

“ಎಂತದೇ ಸಣ್ಣಕ್ಕಾ ಇದು? ಪಾತ್ರೆ ತೊಳೆದ ನೀರಾ? ಚಪ್ಪೆ ಅಂದ್ರೆ ಚಪ್ಪೆ!”

“ನನ್ನ ಕೈ ಅದೇ, ಅಕ್ಕಿನೂ ಅದೇ. ಈ ತಂಗಿಯ ಮಣಿಗಳು ಗಂಜಿ ರುಚಿನೂ ನುಂಗಿದ್ವು ಕಾಣು.”

“ಹಂಗಾರೆ ಮಣಿಗಳಿಗೇ ಬಡಿಸು. ನಮಗೆ ಹಳೇ ನೀರೇ ಸಾಕು!”

ಜಗಲಿಯೆಲ್ಲ ನಕ್ಕಿತು. ಚಿತ್ಕಲಾ ಮಾತ್ರ ಕೊಡದತ್ತ ಧಾವಿಸಿದಳು. ಅಣುಗಳು ಇನ್ನೇನನ್ನಾದರೂ ಹಿಡಿದುಬಿಟ್ಟವೇ? ನೀರನ್ನು ಮತ್ತೆ ಪರೀಕ್ಷಿಸಿದಳು, ದೋಷವಿಲ್ಲ. ತಾನೂ ಒಂದು ಗುಟುಕು ಗಂಜಿ ಕುಡಿದಳು. ಆಮೇಲೆ ನಿಧಾನವಾಗಿ ತಲೆಯೆತ್ತಿದಳು.

“ಸಣ್ಣಮ್ಮಾ, ಇದಕ್ಕೆ ಉಪ್ಪು ಹಾಕಿದ್ರಾ?”

ಸಣ್ಣಮ್ಮ ಗಲ್ಲಕ್ಕೆ ಕೈ ಹಚ್ಚಿದರು. “ಗಂಜಿಗೆ ಯಾರಾದ್ರೂ ಉಪ್ಪು ಹಾಕ್ತ್ರಾ ಮಾರಾಯ್ತಿ?”

ಚಿತ್ಕಲಾಗೆ ನಗು ತಡೆಯಲಾಗಲಿಲ್ಲ. ಈ ಊರಿನಲ್ಲಿ ಗಂಜಿಗೆ ಉಪ್ಪು ಹಾಕುತ್ತಿದ್ದದ್ದು ಬಾವಿ! ಅವಳು ಮಣಿಗಳನ್ನು ಬಿಸಿನೀರಿನಲ್ಲಿ ತೊಳೆದು, ಆ ನೀರನ್ನು ಬಾಣಲೆಯಲ್ಲಿ ಬತ್ತಿಸಿದಳು. ಒಂದು ಕೊಡ ನೀರಿನಿಂದ ಬಂದದ್ದು ಒಂದು ಹಿಡಿ ಉಪ್ಪು. ಸಣ್ಣಮ್ಮ ಅದರಿಂದ ಒಂದು ಚಿಟಿಕೆ ತೆಗೆದು ಅಧ್ಯಕ್ಷರ ಬಟ್ಟಲಿಗೆ ಉದುರಿಸಿ ಕದಡಿದರು.

ಅಂಬಿಗರು ಕುಡಿದರು, ತುಟಿ ಒರೆಸಿಕೊಂಡರು, ಬಟ್ಟಲನ್ನು ಮತ್ತೆ ಮುಂದೆ ಚಾಚಿದರು. “ಇನ್ನೊಂದು ಸೌಟು ಹಾಕು. ಯಂತ್ರ ಇಲ್ಲೇ ಇರ್ಲಿ. ಬೇಕಾರೆ ಆ ಉಪ್ಪನ್ನ ದೋಣಿ ಹತ್ತಿಸುವಾ!”

ಜಗಲಿ ಮತ್ತೆ ನಕ್ಕಿತು. ಈ ಸಲ ಚಿತ್ಕಲಾಳೂ ಜೊತೆಗೂಡಿದಳು. ಸಣ್ಣಮ್ಮನ ಕಣ್ಣು ಮಾತ್ರ ಬಾಣಲೆಯಲ್ಲಿ ಉಳಿದ ರಾಶಿಯ ಮೇಲಿತ್ತು.

“ಇದೆಲ್ಲ ನಮ್ಮ ಹೊಟ್ಟೆಗೇ ಹೋಗ್ತಿತ್ತಾ ತಂಗೀ? ಯಾವಾಗಿಂದ?”

ಯಾರಿಗೂ ಗೊತ್ತಿರಲಿಲ್ಲ. ಬಾವಿ ಒಂದೇ ದಿನಕ್ಕೆ ಉಪ್ಪಾಗುವುದಿಲ್ಲ. ಸುಮಾರು ನಲವತ್ತು ವರ್ಷಗಳ ಹಿಂದಿನ ಒಂದು ಬೆಳಿಗ್ಗೆ ಇರಬೇಕು ಎಂದುಕೊಂಡಳು ಚಿತ್ಕಲಾ. ಇಂಥದೇ ಅಡುಗೆಮನೆಯಲ್ಲಿ ಯಾರೋ ಒಬ್ಬಾಕೆ ಗಂಜಿಯ ರುಚಿ ನೋಡಿ, ಇವತ್ತು ಯಾಕೋ ಸರಿಯಾಗಿದೆ ಅನ್ನಿಸಿ, ಒಂದು ಚಿಟಿಕೆ ಉಪ್ಪು ಕಡಿಮೆ ಹಾಕಿದ್ದಾಳೆ. ಅದರಲ್ಲೇನೂ ವಿಶೇಷ ಕಾಣದೆ, ಮಕ್ಕಳನ್ನು ಊಟಕ್ಕೆ ಕರೆದಿದ್ದಾಳೆ.