ರಾಯಚರ್ಲಿನ ವಿಷದ ಚೌಕಟ್ಟು

ಧನಲಕ್ಷ್ಮಿ ಚೀಲದ ಬಾಯಿ ಬಿಚ್ಚುವ ಮೊದಲೇ ವಾಸನೆ ಜಗುಲಿಯನ್ನೆಲ್ಲ ತುಂಬಿತ್ತು. ಕೊಳೆತದ್ದರ ಹುಳಿನಾತ, ಅದರ ಜೊತೆಗೆ ಗಂಟಲು ಕೆರೆಯುವ ಇನ್ನೊಂದು ಘಾಟು. ಅವಳು ಹೊರತೆಗೆದದ್ದು ಜೇನುಪೆಟ್ಟಿಗೆಯೊಳಗೆ ನೇತುಹಾಕುವ ಮರದ ಚೌಕಟ್ಟು. ನಡುವಿನ ಮೇಣದ ಹಾಳೆಗೆ ನೂರಾರು ಜೇನುಹುಳುಗಳು ಅಂಟಿಕೊಂಡು ಸತ್ತು, ಬಿಸಿಲಿಗೆ ಕೊಳೆತು ಕಪ್ಪು ಲೋಳೆಯಾಗಿದ್ದವು. ನಾನು ಕಾಫಿ ಲೋಟ ಕೆಳಗಿಟ್ಟೆ. ಆ ದಿನ ಮತ್ತೆ ಅದನ್ನು ಮುಟ್ಟಲಿಲ್ಲ.

"ನಮ್ಮಪ್ಪ ಮಾಡಿದ್ದು ಅಂತ ಇದನ್ನ ನಮ್ಮ ಅಂಗಡಿ ಮುಂದೆ ಸುರಿದು ಹೋದ್ರು ಅಮ್ಮ," ಅಂದಳು ಧನಲಕ್ಷ್ಮಿ. "ಬಾಗಿಲಿಗೆ ಸಗಣಿ ಬಳಿದ್ರು. ಅಪ್ಪನ ಕೊರಳಿಗೆ ಚಪ್ಪಲಿ ಹಾರ ಹಾಕಿ ವೀಡಿಯೋ ಮಾಡಿದ್ರು. ಪೊಲೀಸ್ನೋರು ನಾಡಿದ್ದು ಠಾಣೆಗೆ ಬಾ ಅಂದವ್ರೆ."

ನಾಗರತ್ನಮ್ಮನವರು ಮೂಗು ಮುಚ್ಚಿಕೊಳ್ಳಲಿಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು ಅವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸಂತೆಗಳಲ್ಲಿ ಅವರ ನೆರಳು ಕಂಡರೆ ತಕ್ಕಡಿಗಳು ತಾವೇ ನೆಟ್ಟಗಾಗುತ್ತಿದ್ದವು. ಅವರ ಹಿಂದೆ ಪ್ರಮಾಣಿತ ತೂಕದ ಬಟ್ಟುಗಳ ಪೆಟ್ಟಿಗೆ ಹೊತ್ತು ಇಪ್ಪತ್ತೆರಡು ವರ್ಷ ನಡೆದವನು ನಾನು, ರೇಣುಕಯ್ಯ. ಇಬ್ಬರೂ ನಿವೃತ್ತರಾಗಿ ಮಧುಗಿರಿಯ ಒಂದೇ ಬೀದಿಯಲ್ಲಿದ್ದೆವು. ಠಾಣೆಯಲ್ಲಿ ಹೇಳಲಾಗದ್ದನ್ನು ಜನ ಅವರ ಜಗುಲಿಗೆ ತರುತ್ತಿದ್ದರು.

"ಬರೀ ಹುಳ ಸತ್ತಿದ್ದಕ್ಕೆ ಪೊಲೀಸರು ಬರುವುದಿಲ್ಲ. ಇನ್ನೇನಾಯಿತು?" ಎಂದು ಕೇಳಿದರು.

"ಪಾವಗಡದ ಕಡೆ ರಾಯಚರ್ಲಿನ ಕ್ಯಾತಮ್ಮನ ಜೇನುಪೆಟ್ಟಿಗೆದು ಅಮ್ಮ ಇದು. ಅವಜ್ಜಿ ಜೇನಿನ ಎರಿ ಕೆರೆದು ಒಂದು ಬೆರಳು ಜೇನುತುಪ್ಪ ನೆಕ್ಕಿದ್ರಂತೆ. ಅಲ್ಲೇ ಬಿದ್ದೋದ್ರು. ಮೂರು ದಿನದಿಂದ ಆಸ್ಪತ್ರೆಲವ್ರೆ. ಚೌಕಟ್ಟಿಗೆ ಗೆದ್ದಲು ಔಷಧಿ ಬಳಿದಿತ್ತು ಅಂತಾರೆ."

ಆಗಲೇ ಎದ್ದು ಅವಳ ತಂದೆ, ಬಡಗಿ ಓಬಳಯ್ಯನ ಅಂಗಡಿಗೆ ಹೋದೆವು. ಬಾಗಿಲ ಮೇಲೆ ಸಗಣಿ ಒಣಗಿ ಹೆಕ್ಕಳಿಕೆ ಎದ್ದಿತ್ತು. ನೊಣ ಮುತ್ತಿದ್ದವು. ಅರವತ್ತು ದಾಟಿದ ಓಬಳಯ್ಯ ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದ.

"ನಲವತ್ತು ವರ್ಸದಿಂದ ಮರ ಕುಯ್ತಿದೀನಿ ತಾಯಿ. ಜೇನಿಗೆ ಅಂತ ಮಾಡೋ ಮರಕ್ಕೆ ಪಾಲಿಶ್ ಕೂಡ ಹಾಕಕಿಲ್ಲ. ಹೆಬ್ಬೇವಿನ ಮರ ತಂದು ಆರು ತಿಂಗ್ಳು ಒಣಗಿಸ್ತೀನಿ, ಅಷ್ಟೇ."

ಕಪಾಟಿನಲ್ಲಿ ಗೆದ್ದಲು ಔಷಧಿಯ ಡಬ್ಬಿ ಇತ್ತು. ನಾನು ಅದನ್ನು ತೋರಿಸಿದೆ. ನಾಗರತ್ನಮ್ಮನವರು ಅದರ ಮುಚ್ಚಳ ನೋಡಿ, "ಬಡಗಿ ಮನೆಯಲ್ಲಿ ಇದಿಲ್ಲದಿದ್ದರೆ ಅನುಮಾನ ಪಡಬೇಕು," ಅಂದು ಮುಂದೆ ಹೋದರು.

ಪೇಟೆಯಲ್ಲಿ ಸಿಕ್ಕುವ ಚೌಕಟ್ಟು ಬಿಟ್ಟು ಕ್ಯಾತಮ್ಮ ಇಲ್ಲೇಕೆ ಮಾಡಿಸುತ್ತಿದ್ದಳೆಂದು ಕೇಳಿದರು. ಓಬಳಯ್ಯ ವಿವರಿಸಿದ. ಪಾವಗಡದ ಸೋಲಾರ್ ಪಾರ್ಕಿಗೆ ಪ್ಯಾನೆಲ್ ಬಂದ ಮರದ ಕ್ರೇಟುಗಳನ್ನು ಒಡೆದು ಕ್ಯಾತಮ್ಮನ ಗಂಡ ಯತ್ತಪ್ಪ ಸಾಯುವ ಮೊದಲು ಒಂಬತ್ತು ಪೆಟ್ಟಿಗೆ ಕಟ್ಟಿದ್ದ. ಅವು ಯಾವ ಅಳತೆಗೂ ಸೇರಿದವಲ್ಲ. ಅದಕ್ಕೇ ಓಬಳಯ್ಯ ಖುದ್ದಾಗಿ ಹೋಗಿ ಪೆಟ್ಟಿಗೆ ಅಳೆದು, ಪುಸ್ತಕದಲ್ಲಿ ಬರೆದುಕೊಂಡು ಬಂದು ಕೊಯ್ಯುತ್ತಿದ್ದ. ಚೌಕಟ್ಟಿಗೂ ಪೆಟ್ಟಿಗೆ ಗೋಡೆಗೂ ನಡುವೆ ಒಂದು ಜೇನು ನುಸುಳುವಷ್ಟೇ ಜಾಗ ಇರಬೇಕು. ಹೆಚ್ಚಾದರೆ ಅಡ್ಡಾದಿಡ್ಡಿ ಎರಿ ಕಟ್ಟುತ್ತವೆ, ಕಡಿಮೆಯಾದರೆ ಅಂಟು ಹಾಕಿ ಮುಚ್ಚಿಬಿಡುತ್ತವೆ. ಈ ಸಲ ಹದಿನೆಂಟು ಚೌಕಟ್ಟು ಕಟ್ಟಿ ಗುರುವಾರ ಪಾವಗಡದ ಬಸ್ಸಿಗೆ ಹಾಕಿದ್ದ.

"ಯಾವಾಗ್ಲೂ ಒಂದು ಹೆಚ್ಗೆ ಮಾಡಿಟ್ಕೊತೀನಿ," ಎಂದು ಹತ್ತೊಂಬತ್ತನೆಯದನ್ನು ಕೊಟ್ಟ.

ನಾಗರತ್ನಮ್ಮನವರು ಪುಸ್ತಕ ನೋಡಿದರು. ಮೇಲ್ಪಟ್ಟಿ ಹನ್ನೊಂದು ಇಂಚು, ಎತ್ತರ ಆರು ಇಂಚು. ಚೀಲದಿಂದ ತಮ್ಮ ಉಕ್ಕಿನ ಅಳತೆಪಟ್ಟಿ ತೆಗೆದು ಚೌಕಟ್ಟಿಗೆ ಹಿಡಿದರು. ಉದ್ದ, ಎತ್ತರ ಎರಡರಲ್ಲೂ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಕಮ್ಮಿ. ಓಬಳಯ್ಯನ ಮರದ ಅಡಿಪಟ್ಟಿ ತರಿಸಿದರು. ಅವನ ತಂದೆಯ ಕಾಲದ್ದು. ತುದಿಯ ಹಿತ್ತಾಳೆ ಕಳಚಿಹೋಗಿ ಮರ ಸವೆದಿತ್ತು.

"ನಾನು ಕೆಲಸದಲ್ಲಿದ್ದಿದ್ದರೆ ಇದನ್ನು ಜಪ್ತಿ ಮಾಡುತ್ತಿದ್ದೆ," ಅಂದರು. ಓಬಳಯ್ಯನ ಮುಖ ಇನ್ನಷ್ಟು ಬಾಡಿತು. ಕೊಳೆತ ಚೌಕಟ್ಟನ್ನೂ ಅಳೆದು ಕೈತೊಳೆಯಲು ನೀರು ಕೇಳಿದರು. ಮೂರು ಸಲ ಸೋಪು ಹಾಕಿದರೂ ಆ ನಾತ ಹೋಗಲಿಲ್ಲ.

ಮರುದಿನ ರಾಯಚರ್ಲಿಗೆ ಹೋದೆವು. ಆಸ್ಪತ್ರೆಯಿಂದ ಅಂದೇ ಮರಳಿದ್ದ ಕ್ಯಾತಮ್ಮ ಹಿತ್ತಿಲ ಬಾಗಿಲ ಬಳಿ ಕಂಬಳಿ ಹೊದ್ದು ಮಲಗಿದ್ದಳು. ಹಿತ್ತಿಲ ಹೊಂಗೆಮರಗಳ ಕೆಳಗೆ ಒಂಬತ್ತು ಪೆಟ್ಟಿಗೆ. ಪ್ರತಿಯೊಂದರ ಮುಂದೆಯೂ ಸತ್ತ ಹುಳುಗಳು ಹೊಟ್ಟಿನ ರಾಶಿಯಂತೆ ಬಿದ್ದಿದ್ದವು. ಇರುವೆಗಳು ಅವನ್ನು ಎಳೆದೊಯ್ಯುತ್ತ, ಎಳೆಯುತ್ತ ತಾವೂ ಸಾಯುತ್ತಿದ್ದವು. ನಾಗರತ್ನಮ್ಮನವರು ಓಬಳಯ್ಯನ ಹೆಚ್ಚುವರಿ ಚೌಕಟ್ಟನ್ನು ಒಂದು ಪೆಟ್ಟಿಗೆಯೊಳಗೆ ಇಳಿಸಿದರು. ಒಂದು ಸದ್ದೂ ಇಲ್ಲದೆ ಕೂತಿತು.

"ಹೋದ ಶನಿವಾರ ಇಷ್ಟು ಸಲೀಸಾಗಿ ಕೂತಿತ್ತಾ ಕ್ಯಾತಮ್ಮ?"

"ಎಲ್ಲಿ ಕೂತ್ಕಂಡ್ವಮ್ಮ! ಮೂರು ವರ್ಸದಿಂದ ಮಗ ತೊಡೆ ಮ್ಯಾಲೆ ಕೂತಂಗೆ ಕೂತ್ಕತಿದ್ವು. ಈ ಸಲ ಒಂದೂ ಇಳೀಲಿಲ್ಲ. ನವೀನ್ ಸಾರು ಚಾಕು ತಕಂಡು ಒಂದೊಂದ್ರ ತುದೀನೂ ಕೆತ್ತಿ ಕೆತ್ತಿ ಕೂರಿಸಿದ್ರು. 'ನಿಮ್ಮ ಓಬಳಯ್ಯಂಗೆ ವಯಸ್ಸಾಯ್ತು, ಅಳತೆ ತಪ್ತಾ ಐತೆ' ಅಂದ್ರು. ಪಾಪ, ಹುಳ ಸತ್ತಾಗ ಅಂಗೇ ಕೂತ್ಕಂಡು ಅತ್ತುಬುಟ್ರು."

ನವೀನ್‌ಕುಮಾರ್ ನಾಲ್ಕು ತಾಲ್ಲೂಕಿನ ಹಳ್ಳಿಗಳಲ್ಲಿ ಜೇನು ಸಾಕಣೆ ಕಲಿಸುತ್ತಿದ್ದ ತರಬೇತುದಾರ. ಚೆಂದದ ಮಾತಿನ ಯುವಕ. ನಾವು ಬಂದಿರುವ ಸುದ್ದಿ ತಿಳಿದು ಅವನೇ ಬಂದ. ಸತ್ತ ಹುಳುಗಳ ಮುಂದೆ ಅವನು ಕಣ್ಣೊರೆಸಿಕೊಳ್ಳುವ ವೀಡಿಯೋ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು.

"ಓಬಳಯ್ಯ ಒಳ್ಳೇ ಮನುಷ್ಯನೇ ಮೇಡಂ. ಆದರೆ ಸೈಂಟಿಫಿಕ್ ಆಗಿ ಮಾಡೋದಿಲ್ಲ," ಅಂದ.

"ಅವನು ಪೆಟ್ಟಿಗೆ ಅಳೆದಾಗ ನೀವು ಇದ್ದಿರಾ?"

"ಇಲ್ಲ. ಅವನ ಅಂಗಡಿಗೆ ಹೋದಾಗ ಪುಸ್ತಕದ ಫೋಟೋ ತಗೊಂಡಿದ್ದೆ, ರೆಕಾರ್ಡಿಗೆ. ನೋಡಿ." ಫೋನಿನಲ್ಲಿ ಹನ್ನೊಂದು, ಆರು ಎಂಬ ಅಂಕಿಗಳು ಸ್ಪಷ್ಟವಾಗಿದ್ದವು.

ಊರಿನವರ ಅನುಮಾನ ಇನ್ನೊಬ್ಬನ ಮೇಲೂ ಇತ್ತು. ಕುರಿ ಸಾಕುವ ಚಿಕ್ಕರಾಜು. ಹೋದ ವರ್ಷ ಜೇನು ಕಡಿದು ಅವನ ಎರಡು ಕುರಿ ಸತ್ತಿದ್ದವು. "ಪೆಟ್ಟಿಗೆ ಸುಟ್ಟು ಹಾಕ್ತೀನಿ," ಎಂದು ಎಲ್ಲರೆದುರು ಕೂಗಾಡಿದ್ದ. ಬಸ್‌ಸ್ಟ್ಯಾಂಡಿನಿಂದ ಚೌಕಟ್ಟುಗಳ ಕಟ್ಟು ತಂದವನೂ ಅವನೇ. ಮಧುಗಿರಿಗೆ ಟೆಂಪೋ ಹತ್ತಿ ಬಂದು ಚಪ್ಪಲಿ ಹಾರ ಹಾಕಿದವನೂ ಅವನೇ.

"ಹೂಂ, ಕಟ್ಟು ತಂದೆ. ಡೈರಿ ಜಗುಲಿ ಮ್ಯಾಲೆ ಮಡಗಿದೆ. ಎರಡು ದಿನ ಅಲ್ಲೇ ಬಿದ್ದಿತ್ತು, ಯಾರು ಬೇಕಾದ್ರೂ ಮುಟ್ಟಿರಬೌದು," ಅಂದ ಚಿಕ್ಕರಾಜು. "ನನ್ನ್ಯಾಕೆ ಕೇಳ್ತೀರ? ನನ್ನ ಕುರಿ ಸತ್ತಾಗ ಯಾರು ಬಂದಿದ್ರಿ?"

ಅಲ್ಲಿಂದ ನಾವು ಬಡಗಿ ಅಂಗಡಿಗಳು ಹೆಚ್ಚಿರುವ, ಓಬಳಯ್ಯನ ಗುರುತು ಅಷ್ಟಾಗಿ ಇಲ್ಲದ ಶಿರಾಕ್ಕೆ ಹೋದೆವು. ನಾಗರತ್ನಮ್ಮನವರು ಒಂದೊಂದೇ ಬಡಗಿ ಅಂಗಡಿಗೆ ಹೊಕ್ಕು ಹೊರಬಂದರು. ಏಳನೆಯ ಅಂಗಡಿಯಿಂದ ಹೊರಬಂದಾಗ ಅವರ ಮುಖದಲ್ಲಿ ಗೆಲುವಿರಲಿಲ್ಲ. ಹಾಲು ಕುಡಿಯುವಾಗ ಜಿರಳೆ ಸಿಕ್ಕವರಂತೆ ತುಟಿ ಸೊಟ್ಟಗಾಗಿತ್ತು.

"ನಾಳೆ ಹತ್ತು ಗಂಟೆಗೆ ಎಲ್ಲರೂ ಕ್ಯಾತಮ್ಮನ ಹಿತ್ತಿಲಲ್ಲಿರಬೇಕು. ಸಬ್‌ಇನ್‌ಸ್ಪೆಕ್ಟರಿಗೂ ಹೇಳು," ಅಂದರು.

ಮರುದಿನ ಹೊಂಗೆಮರದ ಕೆಳಗೆ ಅರ್ಧ ಊರೇ ಸೇರಿತ್ತು. ಓಬಳಯ್ಯ ಮಗಳ ಹಿಂದೆ ತಲೆತಗ್ಗಿಸಿ ನಿಂತಿದ್ದ. ಜನ ಅವನಿಂದ ದೂರ ಸರಿದು ನಿಂತಿದ್ದರು.

ನಾಗರತ್ನಮ್ಮನವರು ಎರಡು ಚೌಕಟ್ಟುಗಳನ್ನು ಎತ್ತಿ ಹಿಡಿದರು. "ಇದು ಓಬಳಯ್ಯ ಅಂಗಡಿಯಲ್ಲಿ ಉಳಿಸಿಕೊಂಡದ್ದು. ಇದು ವಿಷದ್ದು. ಮರ ಒಂದೇ, ಕಟ್ಟಿದ ರೀತಿಯೂ ಒಂದೇ. ಆದರೆ ಓಬಳಯ್ಯನ ಅಡಿಪಟ್ಟಿಯ ತುದಿ ಒಂದು ನೂಲು ಸವೆದಿದೆ. ಅದರಲ್ಲಿ ಪೆಟ್ಟಿಗೆ ಅಳೆದರೆ ಇರುವುದಕ್ಕಿಂತ ಒಂದು ನೂಲು ಹೆಚ್ಚು ತೋರಿಸುತ್ತದೆ. ಅದೇ ಪಟ್ಟಿಯಲ್ಲಿ ಮರ ಕೊಯ್ದರೆ ಒಂದು ನೂಲು ಕಮ್ಮಿಯಾಗುತ್ತದೆ. ಹೆಚ್ಚಿದ್ದೂ ಕಮ್ಮಿಯಾದದ್ದೂ ಸರಿಹೋಗಿ ಚೌಕಟ್ಟು ಪೆಟ್ಟಿಗೆಗೆ ಸರಿಯಾಗಿ ಕೂರುತ್ತದೆ. ಮೂರು ವರ್ಷ ಕೂತದ್ದು ಹಾಗೆ. ಅದು ಅವನಿಗೇ ಗೊತ್ತಿರಲಿಲ್ಲ."

"ಅಂಗಾದ್ರೆ ಈ ಸಲ ಯಾಕೆ ಕೂರ್ಲಿಲ್ಲ?" ಚಿಕ್ಕರಾಜು ಕೇಳಿದ.

"ಇದನ್ನು ಕೊಯ್ದವನ ಪಟ್ಟಿ ಸರಿಯಾಗಿತ್ತು, ಅದಕ್ಕೆ. ತುದಿ ಕೆತ್ತಿದ್ದಾರೆ, ಆದರೆ ಎತ್ತರ ಯಾರೂ ಮುಟ್ಟಿಲ್ಲ. ಅಳೆದು ನೋಡಿ, ಕರಾರುವಾಕ್ಕಾಗಿ ಆರು ಇಂಚು. ಓಬಳಯ್ಯನ ಕೈಯಿಂದ ಇಂಥದ್ದು ಬರುವುದು ಸಾಧ್ಯವೇ ಇಲ್ಲ. ಡೈರಿ ಜಗುಲಿಯ ಮೇಲಿದ್ದ ಕಟ್ಟನ್ನು ಯಾರೋ ಬದಲಾಯಿಸಿದ್ದಾರೆ."

ಸಬ್‌ಇನ್‌ಸ್ಪೆಕ್ಟರ್ ತಾವೇ ಪಟ್ಟಿ ಹಿಡಿದು ಅಳೆದರು, ತಲೆಯಾಡಿಸಿದರು.

"ಚಿಕ್ಕರಾಜು ಬದಲಾಯಿಸಿದ್ದರೆ? ಅವನಿಗೆ ಪುಸ್ತಕದ ಅಂಕಿ ಗೊತ್ತಿಲ್ಲ. ಕಟ್ಟಿನಿಂದ ಒಂದು ಚೌಕಟ್ಟು ಎತ್ತಿಕೊಂಡು ಹೋಗಿ, ಹೀಗೇ ಮಾಡಿಕೊಡು ಅನ್ನಬೇಕಿತ್ತು. ಹಾಗೆ ಮಾಡಿಸಿದ್ದರೆ ಅದು ಸರಿಯಾಗಿ ಕೂರುತ್ತಿತ್ತು. ಊರಿನ ಬೇರೆ ಯಾರೇ ಆಗಿದ್ದರೂ ಪೆಟ್ಟಿಗೆ ಇಲ್ಲೇ ಇದೆ, ಅಳೆದುಕೊಳ್ಳುತ್ತಿದ್ದರು. ಪೆಟ್ಟಿಗೆಯನ್ನೂ ಅಳೆಯದೆ, ಚೌಕಟ್ಟನ್ನೂ ಕೊಡದೆ, ಬರೆದ ಅಂಕಿಯನ್ನಷ್ಟೇ ನಂಬಿ ಮಾಡಿಸಿದವನಿಗೆ ಮಾತ್ರ ಹೀಗೆ ಒಂದು ನೂಲು ಉದ್ದ ಬರುತ್ತದೆ. ಆ ಅಂಕಿ ಇದ್ದದ್ದು ಎರಡೇ ಕಡೆ. ಓಬಳಯ್ಯನ ಪುಸ್ತಕದಲ್ಲಿ, ಮತ್ತೆ ನವೀನ್‌ಕುಮಾರ್ ಫೋನಿನಲ್ಲಿ."

ಎಲ್ಲರೂ ತಿರುಗಿದರು. ನವೀನ್‌ಕುಮಾರ್ ನಕ್ಕ. "ಮೇಡಂ, ಒಂದು ಫೋಟೋ ಇದ್ದರೆ ಕಳ್ಳನಾ? ಇದಕ್ಕೆ ಪ್ರೂಫ್ ಎಲ್ಲಿ?"

"ಸಣ್ಣರಂಗಯ್ಯ, ಮುಂದೆ ಬಾಪ್ಪ."

ಗುಂಪಿನ ಹಿಂದಿನಿಂದ ಶಿರಾದ ಏಳನೆಯ ಅಂಗಡಿಯ ಬಡಗಿ ಸಣ್ಣರಂಗಯ್ಯ ಬಂದ. ನವೀನನ ನಗು ಅಲ್ಲೇ ನಿಂತಿತು.

"ಇವ್ರೇ ಸ್ವಾಮಿ. ಫೋನಲ್ಲಿ ಫೋಟೋ ತೋರ್ಸಿ, ಹೆಬ್ಬೇವಲ್ಲೇ ಹದಿನೆಂಟು ಮಾಡು ಅಂದ್ರು. ಒಂದ್ ಸ್ಯಾಂಪಲ್ ಕೊಡಿ ಸಾರ್ ಅಂದೆ. ಬ್ಯಾಡ, ಅಂಕಿ ಐತಲ್ಲ ಅಂದ್ರು. ವಿಷ ಹಾಕ್ತಾರೆ ಅಂತ ನಂಗೇನ್ ಗೊತ್ತು?"

"ಆಮೇಲೆ ವಿಷ ಬಳಿದು, ಜಗುಲಿಯ ಮೇಲಿದ್ದ ಕಟ್ಟು ಬದಲಾಯಿಸಿದ," ಅಂದರು ನಾಗರತ್ನಮ್ಮನವರು. "ಶನಿವಾರ ಅವು ಇಳಿಯದಿದ್ದಾಗ ಕೆತ್ತಿ ಕೂರಿಸಿ, ಆ ತಪ್ಪನ್ನೂ ಓಬಳಯ್ಯನ ತಲೆಗೇ ಕಟ್ಟಿದ. ನಿನ್ನೆ ವಿಚಾರಿಸಿ ತಿಳಿದೆ, ಕೊರಟಗೆರೆಯಲ್ಲಿ ಇವನ ಗೋಡೌನ್ ತುಂಬ ಪ್ಲಾಸ್ಟಿಕ್ ಚೌಕಟ್ಟುಗಳಿವೆ. ಇವನೇ ಏಜೆಂಟ್. ಓಬಳಯ್ಯ ಪ್ರತಿ ಪೆಟ್ಟಿಗೆಗೆ ತಕ್ಕಂತೆ ಮಾಡಿಕೊಡುವವರೆಗೂ ನಾಲ್ಕು ತಾಲ್ಲೂಕಿನಲ್ಲಿ ಯಾರೂ ಹಳೇ ಪೆಟ್ಟಿಗೆ ಬಿಸಾಡಿ ಇವನದನ್ನು ಕೊಳ್ಳುತ್ತಿರಲಿಲ್ಲ."

ನವೀನ್‌ಕುಮಾರ್ ನಾಲಿಗೆಯಿಂದ ತುಟಿ ಸವರಿಕೊಂಡ. ಆಮೇಲೆ ಕ್ಯಾತಮ್ಮನ ಕಡೆ ತಿರುಗಿ, ಅದೇ ಮೆತ್ತನೆ ದನಿಯಲ್ಲಿ, "ಅಮ್ಮಾ, ನೀವು ನೆಕ್ಕುತ್ತೀರಾ ಅಂತ ನಂಗೆ ಗೊತ್ತಿರಲಿಲ್ಲ. ಬರೀ ಹುಳ ಅಂದ್ಕೊಂಡೆ," ಅಂದ.

ನಾನು ಮುಖ ತಿರುಗಿಸಿದೆ. ಮೂರು ದಿನದ ನಾತವನ್ನು ತಡೆದುಕೊಂಡಿದ್ದೆ, ಈ ಮಾತನ್ನು ತಡೆದುಕೊಳ್ಳಲು ಆಗಲಿಲ್ಲ.

ಕ್ಯಾತಮ್ಮ ಕಂಬಳಿಯೊಳಗಿಂದ ಅವನನ್ನೇ ನೋಡಿದಳು. "ನಾನು ನೆಕ್ದೆ ಇದ್ದಿದ್ರೆ ಆ ತುಪ್ಪ ಮಾರ್ಬುಡ್ತಿದ್ದೆ ಕಣಪ್ಪ. ಯಾವ ಬಾಣಂತಿ ಮನೆಗೆ ಹೋಗ್ತಿತ್ತೋ. ನಂಗೆ ಹೆಣ್ಣುಮಕ್ಕಳು ಶಾಪ ಹಾಕೋರು. ನೀನು ಅವ್ರ ಮನೆಗೂ ಹೋಗಿ ಅಳ್ತಿದ್ದೆ, ಅಲ್ವಾ?"

ಚಿಕ್ಕರಾಜು ಚಪ್ಪಲಿ ಕಳಚಿ ಕೈಗೆತ್ತಿಕೊಂಡ. ಅವನ ಹಿಂದೆ ಇನ್ನೂ ಹತ್ತು ಜನ ಬಾಗಿದರು.

"ನಿಲ್ಲಿ!" ನಾಗರತ್ನಮ್ಮನವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಸಂತೆಗಳಲ್ಲೂ ಕೇಳಿರಲಿಲ್ಲ. "ಮೊನ್ನೆ ಓಬಳಯ್ಯನ ಮೇಲೆ, ಇವತ್ತು ಇವನ ಮೇಲೆ. ನಿಮ್ಮ ಕೈಗೆ ಯಾರಾದರೂ ಸಿಕ್ಕರೆ ಸಾಕು, ಅಲ್ಲವಾ? ಮೊನ್ನೆ ಒಂದು ಮಾತು ಕೇಳಿ, ಒಂದು ಚೌಕಟ್ಟು ಅಳೆದು ನೋಡಿದ್ದರೆ ನಾನಿಲ್ಲಿಗೆ ಬರಬೇಕಿರಲಿಲ್ಲ. ಇವನನ್ನು ಕಂಡರೆ ನನಗೆ ಹೇಸಿಗೆ. ನಿಮ್ಮನ್ನು ಕಂಡರೂ ಅಷ್ಟೇ."

ಚಪ್ಪಲಿಗಳು ಒಂದೊಂದಾಗಿ ಕೆಳಗಿಳಿದವು. ಸಬ್‌ಇನ್‌ಸ್ಪೆಕ್ಟರ್ ನವೀನ್‌ಕುಮಾರನ ತೋಳು ಹಿಡಿದು ಜೀಪಿಗೆ ಹತ್ತಿಸಿದರು. ಯಾರೋ ನಮಗೆ ಊಟಕ್ಕೆ ಕರೆದರು. ನಾಗರತ್ನಮ್ಮನವರು ಕೈ ಮುಗಿದು ಬಸ್ಸಿಗೆ ನಡೆದರು.

ಮೂರು ವಾರ ಓಬಳಯ್ಯ ಅಂಗಡಿ ತೆರೆಯಲಿಲ್ಲ. ವಿಷ ಹತ್ತಿದ ಒಂಬತ್ತೂ ಪೆಟ್ಟಿಗೆಗಳನ್ನು ಸುಟ್ಟು, ಹೊಸ ಪೆಟ್ಟಿಗೆ ಬೇಕೆಂದು ಕ್ಯಾತಮ್ಮ ಹೇಳಿಕಳಿಸಿದಳು. ಕರೆಯಲು ಬಂದವನು ಚಿಕ್ಕರಾಜು. ಬಾಗಿಲಲ್ಲಿ ನಿಂತು, "ತಪ್ಪಾಯ್ತು ಕಣಣ್ಣ," ಅಂದ. ಓಬಳಯ್ಯ ಎದ್ದ. ಹತ್ಯಾರದ ಚೀಲ ತೆಗೆದುಕೊಂಡು ಅವನ ಬೈಕಿನ ಹಿಂದೆ ಕೂತ. ರಾಯಚರ್ಲಿನಲ್ಲಿ ಚಿಕ್ಕರಾಜು ಹೋಟೆಲಿನಿಂದ ತಂದುಕೊಟ್ಟ ಟೀ ಕಲ್ಲಿನ ಮೇಲೆ ಆರಿ ಕೆನೆಗಟ್ಟುವವರೆಗೂ ಓಬಳಯ್ಯ ಅದನ್ನು ಮುಟ್ಟಲಿಲ್ಲ. ಕ್ಯಾತಮ್ಮ ಕೊಟ್ಟ ಮಜ್ಜಿಗೆ ಕುಡಿದು ಕೆಲಸಕ್ಕೆ ಕೂತ.