ಹದಿನೇಳನೆಯ ದವಡೆ

“ಬಾಯಿ ತೆಗೀರಿ.”

ಇಂದ್ರವ್ವ ಬಾಯಿ ತೆಗೆಯಲಿಲ್ಲ. ಸೆರಗಿನ ತುದಿಯನ್ನು ಇನ್ನಷ್ಟು ಬಿಗಿಯಾಗಿ ತುಟಿಗೆ ಒತ್ತಿಕೊಂಡಳು.

“ನೋಡ್ರಿ ಟೀಚರ್ರ, ನಾ ಹಲ್ಲಿನ ಡಾಕ್ಟರು. ಸೆರಗ ನೋಡಿ ಔಷಧ ಕೊಡಾಕ ಬರೂದಿಲ್ಲ.”

ಬಾಗಿಲಲ್ಲಿ ನಿಂತಿದ್ದ ಆಯಾ ಬಾಯವ್ವ ಕಿಸಕ್ಕನೆ ನಕ್ಕಳು. ಇಂದ್ರವ್ವನಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬಾಯಿ ತೆಗೆದಳು.

ಇದು ೧೯೭೬ರ ಮಾರ್ಚ್. ಬೈಲಹೊಂಗಲದ ಒಂದು ಸಣ್ಣ ದವಾಖಾನೆ. ಇಂದ್ರವ್ವನಿಗೆ ಇಪ್ಪತ್ಮೂರು ವರ್ಷ, ಕನ್ನಡ ಸಾಲೆಯಲ್ಲಿ ಮೂರನೇ ಇಯತ್ತೆಯ ಶಿಕ್ಷಕಿ. ಕೆಳಗಿನ ಮುಂದಿನ ಮೂರು ಹಲ್ಲು ಅಲುಗಾಡುತ್ತಿದ್ದವು. ಎಂ.ಕೆ. ಹುಬ್ಬಳ್ಳಿಯಿಂದ ಕನ್ಯೆ ನೋಡಲು ಬಂದವರು, “ಹುಡುಗಿ ಎಲ್ಲಾ ಛಲೋ, ಆದರ ಒಮ್ಮಿನೂ ನಗಲಿಲ್ಲ” ಎಂದು ಹೇಳಿ ಹೋಗಿದ್ದರು. ನಗುವುದಾದರೂ ಹೇಗೆ?

“ಹಲ್ಲು ಉಳಿಯೂದಿಲ್ಲ,” ಎಂದ ಡಾಕ್ಟರ್ ನಿಜಗುಣಪ್ಪ. “ಅದಕ್ಕಿಂತ ದೊಡ್ಡ ಚಿಂತಿ ಅಂದ್ರ ಕೆಳಗಿನ ದವಡಿ ಎಲುಬು ಸವೀಲಿಕ್ಕೆ ಹತ್ತೇತಿ. ಒಂದು ಮಾತು ಕೇಳತೇನಿ. ಮಶೇರಿ ತಿಕ್ಕತೀರೇನು?”

“ಇಲ್ರೀ!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳ ಕೈ ಮತ್ತೆ ಬಾಯಿಗೆ ಹೋಯಿತು. ನಿಜಗುಣಪ್ಪ ಕಾಗದದ ಮೇಲೆ ‘ಇಲ್ಲ’ ಎಂದು ಬರೆದುಕೊಂಡ. ಅಷ್ಟೇ.

ಆದರೆ ಆ ‘ಇಲ್ಲ’ ಸುಳ್ಳು. ಅವಳ ಅವ್ವ ಸುಂದರವ್ವ ಹಂಚಿನ ಮೇಲೆ ತಂಬಾಕು ಸುಟ್ಟು, ಪುಡಿ ಮಾಡಿ, ಆ ಮಶೇರಿಯನ್ನು ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಮನೆಯ ಹೆಂಗಸರೆಲ್ಲ ಅದರಿಂದಲೇ ಹಲ್ಲು ತಿಕ್ಕುವವರು. ಒಸಡು ಗಟ್ಟಿಯಾಗುತ್ತದೆಂದು ಹನ್ನೆರಡನೇ ವಯಸ್ಸಿನಲ್ಲಿ ಇಂದ್ರವ್ವನ ಕೈಗೂ ಬಂದ ಚಟ ಅದು. ಸಾಲೆಯಲ್ಲಿ ಮಕ್ಕಳಿಗೆ ಆರೋಗ್ಯದ ಪಾಠ ಹೇಳುವವಳು, ಓದಿದ ಗಂಡಸಿನ ಮುಂದೆ ಹೂಂ ಎನ್ನಲು ನಾಚಿದಳು.

ನಿಜಗುಣಪ್ಪ ರಾಮದುರ್ಗದವನು, ಮುಂಬೈಯಲ್ಲಿ ಸಂಶೋಧನೆ ಮಾಡುತ್ತಿದ್ದ. ಕಿತ್ತೂರು, ಸವದತ್ತಿ, ರಾಮದುರ್ಗ, ಬೈಲಹೊಂಗಲ, ನಾಲ್ಕೂ ಊರು ಸೇರಿ ನಲವತ್ತು ರೋಗಿಗಳು. ಹಲ್ಲು ಕಿತ್ತ ಮೇಲೆ ಅರ್ಧ ಜನರಿಗೆ ಅವರದೇ ಸೊಂಟದ ಎಲುಬಿನ ಚೂರು ತೆಗೆದು ದವಡೆಗೆ ತುಂಬುವುದು, ಉಳಿದವರಿಗೆ ಇಲ್ಲ. ಯಾರಲ್ಲಿ ಎಲುಬು ಬೆಳೆಯುತ್ತದೆ, ಯಾರಲ್ಲಿ ಕುಗ್ಗುತ್ತದೆ ಎಂದು ಮೂರು ತಿಂಗಳಿಗೊಮ್ಮೆ ಬಂದು ಪ್ಲಾಸ್ಟರಿನ ಅಚ್ಚು ತೆಗೆದು ಅಳೆಯುವುದು. ಶಸ್ತ್ರಕ್ರಿಯೆ ಹುಬ್ಬಳ್ಳಿಯಲ್ಲಿ ಬೇರೆ ಸರ್ಜನ್ನರದು. ಯಾರಿಗೆ ತುಂಬಿದ್ದಾರೆಂದು ಅಳೆಯುವವನಿಗೆ ಯಾರೂ ಹೇಳುವಂತಿಲ್ಲ.

“ಎಲುಬು ನಿಂತ್ರ, ಮುಂದ ಲೋಹದ ಬೇರು ಹೂಳಿ ಹಲ್ಲು ಕೂಡಿಸಬಹುದು,” ಎಂದಿದ್ದ. “ಹೊಸಾ ವಿದ್ಯಾ. ಖಾತ್ರಿ ಇಲ್ಲ.”

ಖಾತ್ರಿ ಇಲ್ಲದ ಆ ಮಾತಿಗೇ ಇಂದ್ರವ್ವ ಹಲ್ಲು ಕೀಳಿಸಿಕೊಂಡು, ಸೊಂಟ ಕೊಯ್ಯಿಸಿಕೊಂಡು ಬಂದಳು. ಮನೆಗೆ ಬಂದ ವಾರಕ್ಕೆ ಅವ್ವ ಡಬ್ಬಿ ಮುಂದಿಟ್ಟಳು. “ಚೂರ ಒತ್ತಿಕೋ, ನೋವು ಹೋಗತೈತಿ.”

ಒತ್ತಿಕೊಂಡಳು.

ಜೂನ್‌ನಲ್ಲಿ ನಿಜಗುಣಪ್ಪ ಬಂದಾಗ ಒಂದು ಪೊಟ್ಟಣ ಮುಂದಿಟ್ಟ. ಹಲ್ಲಿಗೆ ಅಂಟುವ ಗಟ್ಟಿ ಸಿಹಿ, ಕರದಂಟು!

“ಹಲ್ಲಿಲ್ಲದಾಕಿಗೆ ಕರದಂಟ ತಂದೀರಲ್ರೀ?”

ಅವನ ಮುಖ ಕೆಂಪಾಯಿತು. “ನನಗ... ಲಕ್ಷ್ಯ ಇರಲಿಲ್ರೀ ಇಂದ್ರವ್ವಾರ!”

ಅಂದು ಅವಳು ನಕ್ಕಳು. ಸೆರಗು ಜಾರಿದ್ದು ಗೊತ್ತೇ ಆಗದಂತೆ ನಕ್ಕಳು. ಮುಂದಿನ ಮೂರು ತಿಂಗಳನ್ನು ಒಂದೊಂದೇ ದಿನ ಎಣಿಸಿದಳು.

ಸೆಪ್ಟೆಂಬರ್‌ನಲ್ಲಿ ಹೊಸ ಇಳಕಲ್ ಸೀರೆ ಉಟ್ಟು ಹೋದರೆ, ಒಳಗಿನಿಂದ ನಿಜಗುಣಪ್ಪನ ಕೂಗು ಬಂತು.

“ಹದಿನೇಳನೇ ನಂಬರ್!”

ಅವನು ತಲೆ ಎತ್ತಲಿಲ್ಲ. ಅಚ್ಚು ತೆಗೆದ, ಬರೆದುಕೊಂಡ, “ಮುಂದಿನವರು” ಎಂದ. ಸಾಲೆಯ ಸುದ್ದಿ ಇಲ್ಲ, ಹೆಸರೂ ಇಲ್ಲ.

‘ನಾನು ನಂಬರ್! ಇವನಿಗೆ ಬೇಕಾಗಿದ್ದು ನನ್ನ ದವಡೆ ಮಾತ್ರ...’ ಮನೆ ಮುಟ್ಟುವವರೆಗೆ ಅಳು ತಡೆದುಕೊಂಡಳು. ನಂತರ ತಡೆಯಲಿಲ್ಲ.

ಡಿಸೆಂಬರ್‌ನಲ್ಲಿ ಹೋಗಲೇಬಾರದು ಎಂದುಕೊಂಡಿದ್ದಳು. ಬಾಯವ್ವ ಮನೆಗೇ ಬಂದಳು.

“ಯವ್ವಾ, ಡಾಕ್ಟರ್ರು ಊಟಾನೂ ಮಾಡವಲ್ರು. ನಿನ್ನ ದವಡಿ ಮುಂದಿಟ್ಕೊಂಡು ಕುಂತಾರ. ನಲವತ್ತ ಮಂದ್ಯಾಗ ನಿಂದೇ ಎಲುಬು ಭಾಳ ಇಳದೈತಂತ. ಯಾಕಂತ ಗೊತ್ತಾಗವಲ್ದಂತ.”

ಇಂದ್ರವ್ವ ಮಶೇರಿ ಡಬ್ಬಿಯತ್ತ ನೋಡಿದಳು.

ಯಾಕೆಂದು ಅವಳಿಗೆ ಗೊತ್ತು! ಎಲುಬು ತುಂಬಿದರೂ ಉಪಯೋಗವಿಲ್ಲವೆಂದು ಅವನು ಬರೆದುಬಿಟ್ಟರೆ? ಆ ಬರಹ ನಂಬಿ ಇನ್ನಾರೋ ಡಾಕ್ಟರ್ ಇನ್ನಾರೋ ಹುಡುಗಿಗೆ ‘ಆಗುವುದಿಲ್ಲ’ ಎಂದರೆ? ಆದರೆ ನಿಜ ಹೇಳಿದರೆ ಅವಳ ಹೆಸರು ಹೊಡೆದುಹಾಕುತ್ತಾರೆ. ಹಲ್ಲಿನ ಆಸೆ ಹೋಯಿತು, ಮೂರು ತಿಂಗಳಿಗೊಮ್ಮೆ ಅವನನ್ನು ನೋಡುವುದೂ ಹೋಯಿತು.

ಡಬ್ಬಿ ತೆಗೆದುಕೊಂಡು ನಡೆದಳು.

ಮೇಜಿನ ಮೇಲೆ ಬಿಳಿಯ ಅಚ್ಚು. ಅದರ ಪಕ್ಕದಲ್ಲಿ ಡಬ್ಬಿ ಇಟ್ಟಳು.

“ಮಶೇರಿ,” ಎಂದಳು. “ಮೊದಲಿಂದನೂ ತಿಕ್ಕತೇನಿ. ಗಾಯದ ಮ್ಯಾಲೂ ಒತ್ತೀನಿ. ಅವತ್ತು ನಾಚಿ ಸುಳ್ಳು ಹೇಳಿದ್ನಿ. ನಿಮ್ಮ ಸಂಶೋಧನಾ ಕೆಡಸಬ್ಯಾಡ್ರಿ... ನನ್ನ ತಗದ ಹಾಕ್ರಿ.”

ನಿಜಗುಣಪ್ಪ ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಬೈಯಲಿಲ್ಲ. ವಹಿ ತೆರೆದು, ಕೆಂಪು ಶಾಯಿಯಲ್ಲಿ ಹದಿನೇಳರ ಮೇಲೆ ಗೆರೆ ಎಳೆದ. ಒಂಬತ್ತು ತಿಂಗಳ ಕೆಲಸದಲ್ಲಿ ಒಂದು ಸಾಲು ಹೋಯಿತು.

ಅವಳು ಬಾಗಿಲವರೆಗೆ ಹೋಗಿದ್ದಳು.

“ಇಂದ್ರವ್ವಾರ...”

ಆರು ತಿಂಗಳ ಮೇಲೆ ಆ ಬಾಯಲ್ಲಿ ಅವಳ ಹೆಸರು! ಕಾಲು ಅಲ್ಲೇ ನಿಂತವು.

“ಜೂನ್ ತಿಂಗಳ ಅಚ್ಚು ಅಳದಾಗ ನಿಮ್ಮ ಎಲುಬು ಅರ್ಧ ಮಿಲಿಮೀಟರ್ ಹೆಚ್ಚಿಗಿ ಬಂತು. ಖುಷಿ ಆತು. ಸಂಶಯನೂ ಬಂತು. ಮತ್ತ ಅಳದ್ನಿ, ಇಲ್ಲ. ಮೂರನೇ ಸಲ, ಇಲ್ಲ. ನನ್ನ ಕೈ ನನಗ ಸುಳ್ಳು ಹೇಳಿತ್ತು.”

“ಯಾಕ್ರೀ?”

“ಬೆಳೀಲಿ ಅಂತ ಆಸೆ ಇತ್ತಲ್ರೀ. ಅಳೆಯೋನಿಗೆ ಆಸೆ ಇರಬಾರದು. ಅದಕ್ಕ ನಿಮ್ಮ ಮಾರಿ ನೋಡೂದ ಬಿಟ್ನಿ, ಹೆಸರ ಕರಿಯೂದ ಬಿಟ್ನಿ. ಏನೂ ಉಪಯೋಗ ಆಗಲಿಲ್ಲ. ನಂಬರ್ ಮುಚ್ಚಿಟ್ರೂ, ನಲವತ್ತು ಅಚ್ಚಿನಾಗ ನಿಮ್ಮದು ಯಾವುದು ಅಂತ ಗುರುತು ಸಿಗತಿತ್ತು.”

ಇಂದ್ರವ್ವನ ಕಣ್ಣು ತುಂಬಿದವು. ಇಷ್ಟು ದಿನ ತಾನು ಅತ್ತದ್ದು ಇದಕ್ಕಾಗಿಯೇ?

“ಈಗ ನಾ ನಂಬರ್ ಅಲ್ಲಲ್ರೀ...”

“ಅಲ್ರೀ.” ಜೂನ್ ನಂತರ ಮೊದಲ ಸಲ ಅವನು ನೆಟ್ಟಗೆ ಅವಳ ಮುಖ ನೋಡಿದ. “ಮಶೇರಿ ಬಿಟ್ರ ಇದ್ದ ಎಲುಬರ ಉಳೀತೈತಿ. ಲೋಹದ ಬೇರಿನ ಮಾತು ನಾ ಕೊಡೂದಿಲ್ಲ. ತೆಗದು ಹಾಕೋ ಹಲ್ಲಿನ ಸೆಟ್ ಮಾಡಿಕೊಡತೇನಿ.”

“ಊಟಕ್ಕ ಕುಂತಾಗ ಜಾರಿ ಬಿದ್ರ?”

“ಬಿದ್ರ ಬೀಳಲಿ. ನಮ್ಮ ಮನ್ಯಾಗ ಯಾರೂ ನಗಂಗಿಲ್ಲ.”

ನಮ್ಮ ಮನ್ಯಾಗ...?

ಹೇಳಿದ್ದೇನೆಂದು ಅವನಿಗೂ ಆಗಲೇ ಗೊತ್ತಾಗಿ, ಕರದಂಟು ಕೊಟ್ಟ ದಿನದ ಹಾಗೆ ಕೆಂಪಾದ.

ಇಂದ್ರವ್ವ ಸೆರಗಿಗೆ ಕೈ ಹಾಕಿದಳು. ಅರ್ಧಕ್ಕೆ ಬಿಟ್ಟಳು.

“ಯಾರೂ ನಗಂಗಿಲ್ಲಂದ್ರ ಹೆಂಗ್ರೀ? ನಾ ನಗತೇನಿ.”

“ನಗ್ರಿ.”

ಅವಳು ನಕ್ಕಳು.