ಹೋಗುವಾಗ ನಾಲ್ಕು, ಬರುವಾಗ ಹತ್ತೊಂಬತ್ತು

“ನಿಮ್ಮನ್ನ ಲ್ಯಾಬ್‌ನೋರು ಕಳ್ಸಿದ್ದಾ?”

ಗ್ರಂಥಾಲಯದ ಬಸ್‌ಸ್ಟಾಪಿನಿಂದ ನೂರು ಹೆಜ್ಜೆ ಆಚೆ ಅವಳು ಗಕ್ಕನೆ ನಿಂತು, ತಿರುಗಿ, ಕೇಳಿದಳು. ಭುಜದಲ್ಲಿ ನೀಲಿ ಐಸ್‌ಬಾಕ್ಸ್, ಕಾಲಲ್ಲಿ ಬಿಳಿ ಶೂ, ಕಣ್ಣಲ್ಲಿ ನನ್ನನ್ನು ಅಲ್ಲೇ ಚುಚ್ಚಿ ಎರಡು ಬಾಟಲಿ ರಕ್ತ ತುಂಬಿಸಿಕೊಳ್ಳುವಷ್ಟು ಸಿಟ್ಟು.

ನನ್ನ ಒಂದು ಕೈಯಲ್ಲಿ ಸ್ಟಾಪ್‌ವಾಚ್, ಇನ್ನೊಂದರಲ್ಲಿ ಕ್ಲಿಪ್‌ಬೋರ್ಡ್. ಮಾಲು ಸಮೇತ ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತಿದ್ದೆ.

“ಯಾವ ಲ್ಯಾಬು?”

“ನಾಟಕ ಬೇಡ. ಮೂರು ದಿನದಿಂದ ನೋಡ್ತಿದೀನಿ. ನಾನು ನಿಂತ್ರೆ ನಿಲ್ತೀರಿ, ನಡೆದ್ರೆ ನಡೀತೀರಿ, ಟೈಮ್ ಬರ್ಕೋತೀರಿ. ಸ್ಯಾಂಪಲ್ ಲೇಟಾಗ್ತಿದೆ, ಹಿಂದೆ ಜನ ಬಿಡ್ತೀವಿ ಅಂತ ಮ್ಯಾನೇಜರ್ ಹೇಳಿದ್ರಲ್ಲ, ಅದು ನೀವೇ ತಾನೇ? ಹೋಗಿ ಹೇಳಿ ಅವರಿಗೆ, ನಾಲ್ಕನೇ ಮಹಡಿ ಅಜ್ಜನ ರಕ್ತ ನಾನು ಕರೆದ ತಕ್ಷಣ ಓಡಿ ಬರಲ್ಲ ಅಂತ!”

ನಾನು ಕ್ಲಿಪ್‌ಬೋರ್ಡನ್ನೇ ಅವಳ ಮುಂದೆ ಹಿಡಿದೆ.

ಬಸ್‌ಸ್ಟಾಪಿನ ಫಲಕದಲ್ಲಿ ‘ಗ್ರಂಥಾಲಯ ಇಷ್ಟು ನಿಮಿಷ, ಆಸ್ಪತ್ರೆ ಇಷ್ಟು ನಿಮಿಷ’ ಎಂದು ಬರೆದಿರುತ್ತದಲ್ಲ, ಅದನ್ನು ಯಾರೋ ಒಬ್ಬ ಪಾಪದವನು ನಿಜವಾಗಿ ನಡೆದು ನೋಡಿರಬೇಕು. ಆ ಪಾಪದವನು ನಾನು. ಒಂದು ಊರಿಗೆ ಆರು ವಾರ, ಆಮೇಲೆ ಮುಂದಿನ ಊರು. “ಕೆಲಸ ಹೇಗೆ ನಡೀತಿದ್ಯೋ?” ಎಂದು ಅಕ್ಕ ಫೋನಿನಲ್ಲಿ ಕೇಳಿದರೆ, “ಕೆಲಸ ಎಲ್ಲಿ ನಡೆಯುತ್ತೆ, ನಾನೇ ನಡೀಬೇಕು” ಎನ್ನುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ಅಮ್ಮ ಬೈಯುತ್ತಿದ್ದಳು. ಅದಕ್ಕೆ ಸಂಬಳ ಕೊಡುವವರು ಸಿಗುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ.

ನಿಯಮ ಎರಡೇ. ಒಬ್ಬನೇ ನಡೆಯಬೇಕು, ಸಾಮಾನ್ಯ ಹೆಜ್ಜೆಯಲ್ಲಿ. ಹಾಳೆಯ ಕೊನೆಯ ‘ಷರಾ’ ಕಾಲಂ ಖಾಲಿ ಬಿಡಬಾರದು. ಹೇಳಲು ಏನೂ ಇಲ್ಲದಿದ್ದರೆ ‘ಏನೂ ಇಲ್ಲ’ ಎಂದು ಬರೆಯಬೇಕು. ಎಂಟು ವರ್ಷದಿಂದ ಊರೂರಲ್ಲಿ ನಾನು ‘ಏನೂ ಇಲ್ಲ’ ಎಂದೇ ಬರೆಯುತ್ತ ಬಂದಿದ್ದೆ.

“ಮತ್ತೆ ನನ್ನ ಹಿಂದೆ ಯಾಕೆ?” ಅವಳ ದನಿ ಒಂದು ಮೆಟ್ಟಿಲು ಇಳಿದಿತ್ತು.

“ದಾರಿ ಗೊತ್ತಿರ್ಲಿಲ್ಲ. ನೀವು ಗೊತ್ತಿರೋರ ಥರ ನಡೀತಿದ್ರಿ.”

ಅವಳು ಹಾಳೆ ನೋಡಿದಳು, ನನ್ನನ್ನು ನೋಡಿದಳು, ವಾಚ್ ನೋಡಿಕೊಂಡಳು. “ಅಯ್ಯೋ, ಸ್ಯಾಂಪಲ್!” ಎಂದು ಓಡಿದಳು. ನಾನೂ ಹಿಂದೆ. ಜಗಳದ ಹೊತ್ತು ಕಳೆದರೆ ಗ್ರಂಥಾಲಯದಿಂದ ಲ್ಯಾಬ್‌ಗೆ ನಾಲ್ಕು ನಿಮಿಷ. ಬರೆದುಕೊಂಡೆ. ಷರಾ: ಏನೂ ಇಲ್ಲ.

ಅದು ಎಂಟು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು.

*

ಬಡಾವಣೆಯವರೆಲ್ಲ ಅವಳನ್ನು ಸೂಜಿ ಅಕ್ಕ ಎನ್ನುತ್ತಿದ್ದರು. ಬೆಳಗ್ಗೆ ಹತ್ತರವರೆಗೆ ಖಾಲಿ ಹೊಟ್ಟೆಯವರ ಮನೆ ಮನೆಗೆ ಹೋಗಿ ರಕ್ತ ತೆಗೆದು, ಹಾಳಾಗುವ ಮೊದಲು ಲ್ಯಾಬ್ ಸೇರಿಸುವುದು ಅವಳ ಕೆಲಸ. “ಈ ಏರಿಯಾದಲ್ಲಿ ಎಲ್ಲರ ಜೊತೆನೂ ನಂಗೆ ರಕ್ತಸಂಬಂಧ” ಎಂದು ಗಂಭೀರವಾಗಿ ಹೇಳಿ, ನಾನು ನಗುತ್ತೇನೋ ಇಲ್ಲವೋ ಎಂದು ಓರೆಗಣ್ಣಲ್ಲಿ ಕಾಯುತ್ತಿದ್ದಳು.

ಹತ್ತರ ಮೇಲೆ ಬಾಕ್ಸ್ ಖಾಲಿ. ಆಮೇಲೆ ಲ್ಯಾಬ್‌ನಿಂದ ವಾಪಸ್ ಬರುವ ಅವಳ ನಡಿಗೆಯೇ ಬೇರೆ. ನಿಲ್ಲುತ್ತಾಳೆ, ತೋರಿಸುತ್ತಾಳೆ. ಆ ಕಿಟಕಿಯ ಮೇಷ್ಟ್ರು ಸೂಜಿ ಕಂಡರೆ ಕಣ್ಣು ಮುಚ್ಚಿ ಮಗ್ಗಿ ಹೇಳುತ್ತಾರೆ. ಈ ಗೇಟಿನ ಟೈಲರಮ್ಮ “ನಾನು ದಿನಾ ಸಾವಿರ ಸಲ ಚುಚ್ತೀನಿ, ನನ್ನ ಬಟ್ಟೆ ಅಳುತ್ತಾ?” ಎಂದು ಕೈ ಚಾಚುತ್ತಾಳೆ. ನಾನು ಕೇಳುತ್ತ ನಡೆಯುತ್ತಿದ್ದೆ. ಮಧ್ಯೆ ಮಧ್ಯೆ ಕೂತು ಶೂ ಲೇಸ್ ಕಟ್ಟುತ್ತಿದ್ದೆ.

“ನಿಮ್ಮ ಲೇಸ್ ಅದೆಷ್ಟು ಸಲ ಬಿಚ್ಚುತ್ತೇರೀ?”

“ಹಳೇದು.”

“ನೋಡಿದ್ರೆ ಹೊಸದರ ಥರ ಇದೆ.”

“ಹೊಸ ಥರದ ಹಳೇದು.”

ಒಂದು ಬುಧವಾರ ಅವಳೇ ಕೇಳಿದಳು. “ಒಂಬತ್ತನೇ ನಂಬರ್ ಬಸ್ಸಲ್ಲಿ ಕೊನೇ ಸ್ಟಾಪಿಗೆ ಹೋಗಿದೀರಾ? ನಾನು ಹುಟ್ಟಿದ್ದು ಇಲ್ಲೇ, ಆದ್ರೂ ಹೋಗಿಲ್ಲ. ನಂಗೆ ಮನೆಗಳು ಗೊತ್ತು, ಊರು ಗೊತ್ತಿಲ್ಲ.”

ಹೋದೆವು. ಬಸ್ಸಿನಲ್ಲಿ ನನ್ನ ಮೊಣಕಾಲು ಎಂದಿನಂತೆ ಕುಣಿಯುತ್ತಿತ್ತು. ಕೂತಲ್ಲಿ ಕೂರಲಾಗದ ಜಾತಿ ನನ್ನದು. ಅವಳು ಐಸ್‌ಬಾಕ್ಸ್ ಎತ್ತಿ ನನ್ನ ತೊಡೆಯ ಮೇಲಿಟ್ಟಳು.

“ಹಿಡ್ಕೊಳ್ಳಿ. ಅಲುಗಬಾರದು.”

“ಖಾಲಿ ಅಲ್ವಾ?”

“ಖಾಲಿ ಆದ್ರೂ ಅಲುಗಬಾರದು.”

ನನ್ನ ಕಾಲು ನಿಂತಿತು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಆದರೆ ಗಾಜಿಗೆ ಗುಟ್ಟು ಕಾಪಾಡುವುದು ಗೊತ್ತಿಲ್ಲ. ಅವಳ ನಗುವನ್ನು ಪೂರ್ತಿಯಾಗಿ ನನಗೇ ತೋರಿಸಿತು.

ಕೊನೆಯ ಸ್ಟಾಪಿನಲ್ಲಿ ಒಂದು ತಗಡಿನ ಶೆಡ್, ಒಂದು ನಲ್ಲಿ, ನಿದ್ದೆಗೆ ಜಾರಿದ ಡ್ರೈವರ್.

“ಇಷ್ಟೇನಾ?”

“ಕೊನೇ ಸ್ಟಾಪಲ್ಲಿ ಯಾವಾಗ್ಲೂ ಇಷ್ಟೇ. ಎಷ್ಟೋ ಊರಲ್ಲಿ ನೋಡಿದೀನಿ.”

“ಅದಕ್ಕೇನಾ ಎಲ್ಲೂ ನಿಲ್ಲಲ್ಲ ನೀವು?”

ನಾನು ಶೂ ಕಡೆ ಬಗ್ಗಿದೆ. ಲೇಸ್ ಕಟ್ಟೋಣವೆಂದರೆ ಅದು ಗಟ್ಟಿಯಾಗಿಯೇ ಇತ್ತು.

“ಯಾವಾಗ ಹೊರಡೋದು?” ಎಂದಳು.

“ಬರೋ ಶನಿವಾರ. ಹನ್ನೊಂದರ ಬಸ್ಸು.”

“ಓ” ಎಂದು ಬಾಕ್ಸ್ ತೆಗೆದುಕೊಂಡು ಭುಜಕ್ಕೆ ಹಾಕಿಕೊಂಡಳು. ಅವತ್ತು ಬಸ್ಸಿಳಿದ ಮೇಲೆ, ಬಾಕ್ಸ್ ಖಾಲಿಯಿದ್ದರೂ, ಅವಳು ಬೆಳಗಿನ ವೇಗದಲ್ಲೇ ನಡೆದು ಹೋದಳು.

*

ಗುರುವಾರ ನಮ್ಮ ಆಫೀಸಿನ ಸಾಹೇಬರ ಫೋನ್.

“ರೀ, ಗ್ರಂಥಾಲಯದಿಂದ ಲ್ಯಾಬ್‌ಗೆ ನಾಲ್ಕು ನಿಮಿಷ, ಲ್ಯಾಬ್‌ನಿಂದ ಗ್ರಂಥಾಲಯಕ್ಕೆ ಹತ್ತೊಂಬತ್ತು. ಮಧ್ಯೆ ಬೆಟ್ಟ ಇದ್ಯೇನ್ರೀ?”

“ಇಲ್ಲ ಸರ್. ಸಮತಟ್ಟು.”

“ಮತ್ತೆ ಬರ್ತಾ ತೆವಳ್ಕೊಂಡು ಬಂದ್ರಾ? ಈ ಏರಿಯಾದ್ದೆಲ್ಲ ಹೀಗೇ ಇದೆ. ನಾಳೆ ಸರಿಯಾಗಿ ಅಳೆದು ಕಳ್ಸಿ.”

ಶುಕ್ರವಾರ ಒಬ್ಬನೇ ನಡೆದೆ, ಸಾಮಾನ್ಯ ಹೆಜ್ಜೆಯಲ್ಲಿ. ಅತ್ತ ಏಳು ನಿಮಿಷ, ಇತ್ತ ಏಳು ನಿಮಿಷ. ಮೇಷ್ಟ್ರ ಕಿಟಕಿ ಬರೀ ಕಿಟಕಿಯಾಗಿತ್ತು, ಟೈಲರಮ್ಮನ ಗೇಟು ಬರೀ ಗೇಟು. ಇಷ್ಟು ಸರಿಯಾದ ಉತ್ತರಕ್ಕೆ ಇಷ್ಟು ಹೊಟ್ಟೆ ಉರಿದದ್ದು ಅದೇ ಮೊದಲು. ರೂಮಿಗೆ ಹೋಗಿ ಹಾಳೆ ತುಂಬಿದೆ. ಷರಾ ಕಾಲಮ್ಮಿಗೆ ಬಂದಾಗ ಪೆನ್ನು ‘ಏನೂ ಇಲ್ಲ’ ಬರೆಯಲು ಒಪ್ಪಲಿಲ್ಲ. ಬೇರೇನೋ ಬರೆಯಿತು. ಫೋಟೊ ತೆಗೆದು ಸಾಹೇಬರಿಗೆ ಕಳಿಸಿಯೂ ಬಿಟ್ಟೆ.

*

ಶನಿವಾರ ಹತ್ತೂ ಮುಕ್ಕಾಲಿಗೆ ಸೂಟ್‌ಕೇಸ್ ಸಮೇತ ಗ್ರಂಥಾಲಯದ ಸ್ಟಾಪಿನಲ್ಲಿದ್ದೆ. ಅವಳು ಖಾಲಿ ಬಾಕ್ಸ್ ಹಿಡಿದು ಓಡುತ್ತಲೇ ಬಂದಳು. ಬಂದು, ದಾರಿಹೋಕಳ ಹಾಗೆ ಬಸ್ಸಿನ ವೇಳಾಪಟ್ಟಿ ಓದತೊಡಗಿದಳು.

ನಾನು ನಿನ್ನೆಯ ಹಾಳೆ ಕೊಟ್ಟೆ. ಅವಳು ಬೆರಳಿಟ್ಟು ಓದಿದಳು:

‘ಸರಿಯಾದ ಸಮಯ: ಏಳು ನಿಮಿಷ. ಷರಾ: ಹಿಂದೆ ನಾಲ್ಕೆಂದು ಬರೆದದ್ದಕ್ಕೆ ಕಾರಣ, ಸೂಜಿ ಅಕ್ಕನವರ ಹಿಂದೆ ಓಡಿದ್ದು. ಹತ್ತೊಂಬತ್ತಕ್ಕೆ ಕಾರಣ, ಅವರ ಜೊತೆಗೆ ಬಂದದ್ದು. ದಾರಿ ಮುಗಿಯದಿರಲೆಂದು ಅಳತೆಗಾರ ಶೂ ಲೇಸನ್ನು ತಾನೇ ಮೂರು ಸಲ ಬಿಚ್ಚಿ ಕಟ್ಟಿದ್ದು.’

ಅವಳು ಎರಡನೇ ಸಲ ಓದಿದಳು. ಕಿವಿಯ ತುದಿ ಕೆಂಪಾಯಿತು. ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ತಿಳಿದವಳಿಗೂ ಅದನ್ನು ತಡೆಯಲಾಗಲಿಲ್ಲ.

“ದಿನಾ ಇಪ್ಪತ್ತು ತೋಳಿಗೆ ಪಟ್ಟಿ ಕಟ್ತೀನಿ ನಾನು” ಎಂದಳು, ಹಾಳೆಯಿಂದ ಕಣ್ಣೆತ್ತದೆ. “ಬಿಚ್ಚದ ಗಂಟು ಹೇಗೆ ಹಾಕೋದು ಅಂತ ಮೊದಲನೇ ದಿನವೇ ಹೇಳ್ಕೊಡಬಹುದಿತ್ತು.”

“ಮತ್ತೆ?”

“ಹೇಳ್ಕೊಡಲಿಲ್ಲ.”

ಹನ್ನೊಂದರ ಬಸ್ಸು ಬಂದು ಬಾಗಿಲು ತೆರೆಯಿತು. ಅದೇ ಹೊತ್ತಿಗೆ ಫೋನ್.

“ರೀ, ಆಫೀಸ್ ಕಾಗದದಲ್ಲಿ ಇದೇನ್ರೀ ಬರೆದಿದೀರಿ? ನಮ್ಮ ಹೆಡ್ ಕ್ಲರ್ಕು ಎರಡು ಸಲ ಓದಿ ಕಣ್ಣೊರೆಸ್ಕೊಂಡ್ರು! ಇನ್ನು ನಿಮ್ಮ ಒಂದು ನಂಬರನ್ನೂ ನಂಬೋ ಹಾಗಿಲ್ಲ. ಇಡೀ ಊರು ಮತ್ತೆ ಅಳೀಬೇಕು. ಬೇರೆಯವರನ್ನ ಕಳಿಸ್ತೀನಿ, ನೀವು ಮುಂದಿನ ಊರಿಗೆ ಹೊರಡಿ.”

ಡ್ರೈವರ್ ನನ್ನನ್ನು ನೋಡಿದ. ಅವಳು ಮತ್ತೆ ವೇಳಾಪಟ್ಟಿ ನೋಡುತ್ತಿದ್ದಳು, ಅದನ್ನು ತಲೆಕೆಳಗಾಗಿ ಅಂಟಿಸಿದ್ದರೂ ಗೊತ್ತಾಗದಷ್ಟು ಶ್ರದ್ಧೆಯಿಂದ.

“ಬೇಡ ಸರ್. ತಪ್ಪು ನಂದು, ನಾನೇ ಅಳೀತೀನಿ. ಮುಂದಿನ ಊರಿಗೆ ಅವರನ್ನ ಕಳ್ಸಿ.”

“ಎಷ್ಟು ದಿನ ಬೇಕು?”

“ಊರು ನೋಡೋಕೆ ಚಿಕ್ಕದು ಸರ್. ನಡೆದ್ರೆ ಮುಗಿಯಲ್ಲ.”

ಬಸ್ಸು ಬಾಗಿಲು ಮುಚ್ಚಿ ಹೋಯಿತು. ಅವಳು ನನ್ನ ಜೇಬಿನಿಂದ ಸ್ಟಾಪ್‌ವಾಚ್ ತೆಗೆದುಕೊಂಡು ಐಸ್‌ಬಾಕ್ಸಿನಲ್ಲಿಟ್ಟು ಮುಚ್ಚಳ ಹಾಕಿದಳು.

“ಬಾ” ಎಂದಳು. ಇಷ್ಟು ದಿನ ‘ಬನ್ನಿ’ ಎನ್ನುತ್ತಿದ್ದವಳು.

ಹತ್ತು ಹೆಜ್ಜೆ ನಡೆದಿರಲಿಲ್ಲ.

“ನಿನ್ನ ಲೇಸ್ ಬಿಚ್ಚಿದೆ ನೋಡು.”

ಸತ್ಯವಾಗಿ ಹೇಳುತ್ತೇನೆ, ಈ ಸಲ ಅದು ತಾನಾಗಿಯೇ ಬಿಚ್ಚಿತ್ತು.